ಡೆನ್ಜಿಲನ ಅಂಗಳದ ಹದಿನಾಲ್ಕು ಮೀಟರ್

ಪಕ್ಕದ ಮನೆಯ ಡೆನ್ಜಿಲ್ ಪೆನ್‌ರೋಸ್ ಮೇಲೆ ನಾನು ಮೂವತ್ತು ವರ್ಷ ಒಂದು ಸಿಟ್ಟನ್ನು ಸಾಕಿಕೊಂಡು ಬಂದಿದ್ದೆ. ಬೇಲಿಯ ಮೇಲಿಂದ ಅವನಿಗೆ ನಿಂಬೆಹಣ್ಣು ಕೊಟ್ಟಿದ್ದೇನೆ. ಅವನ ಹೆಂಡತಿ ತೀರಿಕೊಂಡಾಗ ಹದಿನೈದು ದಿನ ಊಟ ಕೊಂಡೊಯ್ದಿದ್ದೇನೆ. ನನ್ನ ಮೊಮ್ಮಕ್ಕಳ ಸೈಕಲ್ಲಿಗೆ ಗಾಳಿ ಹಾಕಿಕೊಡುವವನು ಅವನೇ. ಆದರೂ ಆ ಸಿಟ್ಟು ಮಾತ್ರ ಹೊಟ್ಟೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಅದಕ್ಕೆ ಕಾರಣ ನಾಲ್ಕು ಬೆರಳು.

ನಾವು ದಕ್ಷಿಣ ಆಸ್ಟ್ರೇಲಿಯಾದ ಈ ಮೂಂಟಾ ಊರಿಗೆ ಬಂದದ್ದು ತೊಂಬತ್ತನಾಲ್ಕರಲ್ಲಿ. ಮನೆಗೆ ಫೋನು ಬೇಕೆಂದರೆ ತಂತಿ ಬಂದು ನಿಂತ ರಸ್ತೆಬದಿಯ ಗುಂಡಿಯಿಂದ ನಮ್ಮ ಗೋಡೆಯವರೆಗೆ ಕಾಲುವೆಯನ್ನು ನಾವೇ ಅಗೆದುಕೊಡಬೇಕಿತ್ತು. ಅದರಲ್ಲಿ ಪೈಪು ಹಾಕಿ, ಪೈಪಿನೊಳಗೆ ತಾಮ್ರದ ತಂತಿ ಎಳೆಯುವುದು ಟೆಲಿಫೋನ್ ಇಲಾಖೆಯ ಕೆಲಸ. ನನ್ನ ಗಂಡ ರೇ ಸಿಗಡಿ ದೋಣಿಯಲ್ಲಿ ಸಮುದ್ರದ ಮೇಲಿದ್ದ. ಎರಡು ಮಕ್ಕಳನ್ನು ನೆರಳಿಗೆ ಕೂರಿಸಿ ನಾನೇ ಹಾರೆ ಹಿಡಿದೆ. ಈ ಊರಿನ ಮಣ್ಣು ಒಂದು ಗೇಣು ಮಾತ್ರ ಮಣ್ಣು. ಅದರ ಕೆಳಗೆ ಸುಣ್ಣಕಲ್ಲಿನ ಹಾಸು. ಹಾರೆ ಬಿದ್ದರೆ ಕಲ್ಲು ಒಡೆಯುವ ಬದಲು ಮೊಣಕೈ ಜುಮ್ಮೆನ್ನುತ್ತದೆ. ಮೂರು ದಿನ ಅಗೆದೆ. ನಾಲ್ಕನೆಯ ದಿನ ಇಲಾಖೆಯ ಲೈನ್‌ಮ್ಯಾನ್ ಡೆನ್ಜಿಲ್ ಬಂದ, ಪಕ್ಕದ ಮನೆಯವನೇ. ಕೈಯಲ್ಲಿ ಪೊರಕೆ ಹಿಡಿಯಿಂದ ಮಾಡಿದ ಅಳತೆಕೋಲು. ಕಾಲುವೆಗೆ ಎಷ್ಟು ಆಳ ಬೇಕೋ ಕೋಲಿನ ಮೇಲೆ ಅಷ್ಟಕ್ಕೆ ಕೆಂಪು ಬಣ್ಣದ ಬಳೆ ಬಳಿದಿದ್ದ. ಕಾಲುವೆಯಲ್ಲಿ ಇಳಿಬಿಟ್ಟ. ಬಳೆ ಮಣ್ಣಿನ ಮೇಲೆಯೇ ಉಳಿಯಿತು.

"ನಾಲ್ಕು ಬೆರಳು ಕಮ್ಮಿ ಇದೆ, ಲಿನೆಟ್. ಮತ್ತೆ ಅಗಿ" ಅಂದ.

"ನಾಲ್ಕು ಬೆರಳಿಗೆ ಏನಾಗುತ್ತೋ ಮಾರಾಯ?"

"ಇವತ್ತು ಏನೂ ಆಗಲ್ಲ. ಮೂವತ್ತು ವರ್ಷ ಆದಮೇಲೆ ಆಗುತ್ತೆ. ಕೆಲಸ ಮಾಡಿದ್ರೆ ಮಾಡಿದಂಗಿರಬೇಕು."

ಮತ್ತೆ ಎರಡು ದಿನ ಅಗೆದೆ. ಅಂಗೈಯ ಗುಳ್ಳೆಗಳು ಒಡೆದು ಮಕ್ಕಳ ತಲೆ ಬಾಚಲೂ ಆಗುತ್ತಿರಲಿಲ್ಲ. ಎಂಟು ತಿಂಗಳು ಅವನ ಜೊತೆ ಮಾತು ಬಿಟ್ಟೆ.

ನನ್ನೊಬ್ಬಳಿಗೆ ಮಾತ್ರ ಅಲ್ಲ, ಊರಲ್ಲಿ ಅರ್ಧ ಜನರಿಗೆ ಅವನು "ಮತ್ತೆ ಅಗಿ" ಎಂದು ಹೇಳಿದವನೇ. ಪಾದ್ರಿಗೂ ಹೇಳಿದ್ದ. ಅವನ ಮುತ್ತಜ್ಜ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹಡಗು ಹತ್ತಿ ಬಂದು ಇಲ್ಲಿಯ ಗಣಿಗಳಲ್ಲಿ ತಾಮ್ರ ಅಗೆದ. ಮರಿಮೊಮ್ಮಗ ನಲವತ್ತು ವರ್ಷ ಅದೇ ನೆಲದಲ್ಲಿ ತಾಮ್ರ ಹೂತ. ಯಾರ ಮನೆಯ ತಂತಿ ಯಾವ ಮರದ ಬೇರಿನ ಕೆಳಗೆ ಹಾದಿದೆ ಎನ್ನುವುದು ಅವನಿಗೆ ಬಾಯಿಪಾಠ. ತಾನು ಹಾಕಿದ ಪ್ರತಿ ಪೈಪಿನ ನಕ್ಷೆ ಬರೆದು, ಕೆಳಗೆ ಡಿ. ಪಿ. ಎಂದು ಸಹಿ ಮಾಡಿ ಇಲಾಖೆಗೆ ಕೊಟ್ಟಿದ್ದ. ಈಗ ಎಪ್ಪತ್ತನಾಲ್ಕು ವರ್ಷ. ಬೆನ್ನು ನೆಟ್ಟಗೇ ಇದೆ, ಮಾತು ಇನ್ನೂ ನೆಟ್ಟಗೆ.

ಎರಡು ವರ್ಷದ ಹಿಂದೆ ನಮ್ಮೂರಿಗೆ ಇಂಟರ್ನೆಟ್ಟಿನ ಹೊಸ ಗಾಜಿನ ತಂತಿ, ಫೈಬರ್, ಬರಲು ಶುರುವಾಯಿತು. ಒಂದೊಂದೇ ಬೀದಿಯಾಗಿ ಹಳೆಯ ತಾಮ್ರ ಬಿಟ್ಟು ಹೊಸದಕ್ಕೆ ಬದಲಾಗಬೇಕು. ಅಲ್ಲಿಂದ ಊರಿನಲ್ಲಿ ಮಳೆ, ಬಾರ್ಲಿ ಬೆಳೆ, ಮಂಡಿನೋವು ಎಲ್ಲ ಹಿಂದೆ ಬಿತ್ತು. ಬೇಕರಿಯಲ್ಲಿ ಸರದಿ ನಿಂತರೆ ಅದೇ ಮಾತು, ವಯಸ್ಸಾದವರು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನಲ್ಲಿ ಕೂತರೆ ಅದೇ ಮಾತು: ನಿನ್ನದೆಷ್ಟು ಸ್ಪೀಡು? ಮಾಂಸದಂಗಡಿ ನಡೆಸುತ್ತಿದ್ದ ನೆವ್ ಅಂತೂ ಫೋನನ್ನು ಮೊಮ್ಮಗುವಿನ ಫೋಟೋದ ಹಾಗೆ ಎಲ್ಲರ ಮೂಗಿನ ಮುಂದೆ ಹಿಡಿಯುತ್ತಿದ್ದ.

"ತೊಂಬತ್ತಾರು! ನೋಡ್ರಯ್ಯಾ, ತೊಂಬತ್ತಾರು!"

"ಫೋನಲ್ಲಿ ಅಳೆದ್ಯಾ?" ಡೆನ್ಜಿಲ್ ಕೇಳುತ್ತಿದ್ದ. "ಎರಡು ಗೋಡೆ ದಾಟಿ ಬಂದದ್ದನ್ನ ಅಳೆದ್ರೆ ಅದು ಗೋಡೆ ಸ್ಪೀಡು ಕಣೋ. ಇಂಟರ್ನೆಟ್ ಪೆಟ್ಟಿಗೆಗೆ ತಂತಿ ಚುಚ್ಚಿ ಅಳೀಬೇಕು. ಟೀವಿ ಗೀವಿ ಎಲ್ಲ ಆರಿಸಿ. ಮೂರು ಸಲ."

"ಆಯ್ತು ಮಾರಾಯ, ನೀನೇ ಬಂದು ಅಳಿ."

ಹಾಗೆ ಅವನಿಗೆ ನಿವೃತ್ತಿಯಲ್ಲಿ ಹೊಸ ಉದ್ಯೋಗ ಸಿಕ್ಕಿತು. ಬಗಲಲ್ಲಿ ಹಳೆಯ ಲ್ಯಾಪ್‌ಟಾಪು, ಜೇಬಿನಲ್ಲಿ ಸುರುಳಿ ಸುತ್ತಿದ ತಂತಿ, ಕೈಯಲ್ಲಿ ಒಂದು ನೋಟ್‌ಬುಕ್ಕು. ಮನೆಮನೆಗೆ ಹೋಗಿ ಅಳೆದು ಬರೆದುಕೊಳ್ಳುತ್ತಿದ್ದ. ಮನೆಗೆ ಇಳಿಯುವ ಸ್ಪೀಡಿಗೆ ಒಂದು ಸಾಲು, ಮನೆಯಿಂದ ಹತ್ತುವ ಸ್ಪೀಡಿಗೆ ಒಂದು ಸಾಲು. ಊರವರೆಲ್ಲ ಮೊದಲ ಸಾಲು ನೋಡಿ ಹಿಗ್ಗಿದರೆ ಅವನು ಎರಡನೆಯ ಸಾಲನ್ನೇ ದಿಟ್ಟಿಸುತ್ತಿದ್ದ. "ಬರೋದು ಇರಲಿ, ಹೋಗೋದೆಷ್ಟು?" ಎಂದು ಕೇಳುತ್ತಿದ್ದ. ಬರುವುದು ಸಿನಿಮಾ, ಕ್ರಿಕೆಟ್ಟು. ಹೋಗುವುದನ್ನು ಕಟ್ಟಿಕೊಂಡು ಯಾರಿಗೇನು? ಮುದುಕನಿಗೆ ಅರಳುಮರಳು ಎಂದು ನೆವ್ ನಗುತ್ತಿದ್ದ.

ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ. ಡೆನ್ಜಿಲನ ಅಡುಗೆಮನೆಯ ಕಿಟಕಿ ನಾನು ಬಟ್ಟೆ ಒಣಹಾಕುವ ಜಾಗಕ್ಕೆ ಎದುರು. ಒಂದು ದಿನ ನೋಡುತ್ತೇನೆ, ಒಬ್ಬನೇ ಕೂತು ಗಾಳಿಯಲ್ಲಿ ಕೈಯಾಡಿಸುತ್ತಿದ್ದಾನೆ. ತಲೆ ಕೆಟ್ಟಿತೇ ಎಂದು ಓಡಿಹೋದೆ. ಆಗ ಹೇಳಿದ.

ಅವನ ಮಗಳು ಕೆರೆನ್ಜಾ ದೇಶದ ಆ ತುದಿಯ ಡಾರ್ವಿನ್‌ನಲ್ಲಿ ನರ್ಸು. ಅವಳ ಮಗಳು ಟ್ಯಾಮ್ಸಿನ್‌ಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಸನ್ನೆಭಾಷೆಯೇ ಅವಳ ಮಾತು, ಅದರಲ್ಲಿ ಅವಳು ಅರಳು ಹುರಿದಂತೆ ಮಾತಾಡುತ್ತಾಳೆ. ಊರಿಗೆಲ್ಲ ದನಿ ಹೊತ್ತು ತಂದವನ ಮನೆಯಲ್ಲಿ ದನಿಯೇ ಬೇಡದ ಮೊಮ್ಮಗಳು. ಡೆನ್ಜಿಲ್ ಪುಸ್ತಕ ತರಿಸಿಕೊಂಡು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಸನ್ನೆ ಕಲಿಯಲು ಕೂತಿದ್ದ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಲ್ಯಾಪ್‌ಟಾಪಿನ ಮುಂದೆ ಅಂಗಿ ಇಸ್ತ್ರಿ ಮಾಡಿಕೊಂಡು ಕೂರುತ್ತಿದ್ದ. ಆ ಕಡೆಯಿಂದ ಟ್ಯಾಮ್ಸಿನ್ ಚೆನ್ನಾಗಿಯೇ ಕಾಣುತ್ತಿದ್ದಳು. ಇವನು ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ. ನಮ್ಮ ಬೀದಿ ಊರ ಕೊನೆಯದು, ತಾಮ್ರ ಹಳೆಯದು. ಅವನ ಮನೆಯಿಂದ ಹತ್ತುವ ಸ್ಪೀಡು ಒಂದೂ ಇಲ್ಲ. ಸೊನ್ನೆ ಪಾಯಿಂಟ್ ಎಂಟು. ಕೈ ಎತ್ತಿದರೆ ಅರ್ಧದಲ್ಲಿ ಹೆಪ್ಪುಗಟ್ಟುತ್ತಿತ್ತು, ಬೆರಳುಗಳು ಚೌಕ ಚೌಕವಾಗಿ ಒಡೆದುಹೋಗುತ್ತಿದ್ದವು. ಮಾತಿನಲ್ಲಾದರೆ ಚಿತ್ರ ನಿಂತರೂ ದನಿ ಮುಟ್ಟುತ್ತದೆ. ಇವಳಿಗೆ ಚಿತ್ರವೇ ದನಿ.

"ನೆವ್ ಮನೇಲಿ ಹೋಗಿ ಕೂತ್ಕೋಬಾರದಾ?" ಎಂದು ಕೇಳಿದ್ದೆ. ಅವನ ಬೀದಿಗೆ ಹೊಸ ತಂತಿ ಮೊದಲೇ ಬಂದಿತ್ತು.

"ಹೋಗಿದ್ದೆ, ಒಂದ್ಸಲ. ನೆವ್ ನನ್ನ ಹೆಗಲ ಮೇಲಿಂದ ಬಗ್ಗಿ 'ಹಲೋ! ಹಲೋ!' ಅಂತ ಗಂಟಲು ಹರಿಯೋ ಹಾಗೆ ಕೂಗಿದ. ಕಿವಿ ಕೇಳದ ಮಗೂಗೆ! ಅವನ ಹೆಂಡ್ತಿ ಕೇಕ್ ತೋರಿಸಿದ್ಲು. ನಾಯಿ ಬಂದು ಮೂತಿ ಇಟ್ಟಿತು. ಟ್ಯಾಮ್ಸಿನ್ ಹೆದರಿ ಸೋಫಾ ಹಿಂದೆ ಬಚ್ಚಿಟ್ಕೊಂಡಳು. ನಾನು ಕೈ ಎತ್ತೋದಕ್ಕೂ ಆಗಲಿಲ್ಲ."

ಕಳೆದ ಜೂನ್ ತಿಂಗಳ ಒಂದು ಭಾನುವಾರ ಟ್ಯಾಮ್ಸಿನ್ ಮೂರೇ ನಿಮಿಷ ಕೂತಳು. ತಾತ ಏನೋ ಹೇಳಲು ಕೈ ಎತ್ತಿದ್ದೇ ತಡ, ಅಂಗೈಯಿಂದ ಕ್ಯಾಮೆರಾ ಮುಚ್ಚಿ ಎದ್ದುಹೋದಳು. ಆಮೇಲೆ ಕೆರೆನ್ಜಾ ಫೋನು ಮಾಡಿದಳಂತೆ. ಅದನ್ನು ಬೇಲಿಯ ಹತ್ತಿರ ನಿಂತು ನನಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

"'ಅಪ್ಪಾ, ಅವಳಿಗೆ ಭಾನುವಾರ ಬೇಡವಂತೆ. ಒತ್ತಾಯ ಮಾಡಿದ್ರೆ ಅಳ್ತಾಳೆ. ಸದ್ಯಕ್ಕೆ ಬಿಟ್ಟುಬಿಡೋಣ, ಕ್ರಿಸ್ಮಸ್ಸಿಗೆ ಬರ್ತೀಯಲ್ಲ' ಅಂದಳು. ಕ್ರಿಸ್ಮಸ್ಸಿಗೆ ಆರು ತಿಂಗಳಿದೆ, ಲಿನೆಟ್. ಆರು ತಿಂಗಳಲ್ಲಿ ಮಕ್ಕಳು ಹಲ್ಲನ್ನೇ ಬದಲಾಯಿಸಿಬಿಡ್ತಾವೆ, ತಾತನ್ನ ಮರೆಯೋದೇನು ದೊಡ್ಡದು?"

"ನೀನೇನಂದೆ?"

"ಎರಡೇ ಎರಡು ಭಾನುವಾರ ಕೊಡು ಅಂದೆ. ಮುಂದಿನ ವಾರದ ಗುರುವಾರ ನಮ್ಮ ಮನೆಗೆ ಹೊಸ ತಂತಿ ಹಾಕೋಕೆ ಬರ್ತಾರೆ. ಅದಾದಮೇಲೂ ಅವಳಿಗೆ ಬೇಡ ಅನ್ನಿಸಿದ್ರೆ ನಾನು ಕೇಳಲ್ಲ."

ಆ ವಾರ ಅವನು ಮಾಡಿದ ತಯಾರಿಯನ್ನು ಮದುವೆ ಮನೆಯಲ್ಲಿ ನೋಡಬೇಕು. ಪೆಟ್ಟಿಗೆ ಕೂರಿಸುವ ಗೋಡೆ ಒರೆಸಿ, ಅಲ್ಲಿದ್ದ ಹೆಂಡತಿಯ ಕಪಾಟನ್ನು ಆಚೆ ಸರಿಸಿದ. ಪ್ಲಗ್ಗು ಸರಿಯಿದೆಯೇ ಎಂದು ದೀಪ ಹಚ್ಚಿ ನೋಡಿದ. ರಸ್ತೆಬದಿಯ ಗುಂಡಿಯ ಮುಚ್ಚಳದ ಮೇಲಿನ ಹುಲ್ಲು ಕಿತ್ತ. ಗೋಡೆ ಪಕ್ಕದ ಜೆರೇನಿಯಂ ಗಿಡಗಳನ್ನೆಲ್ಲ ಎತ್ತಿ ಕುಂಡಕ್ಕೆ ಹಾಕಿದ. ಎಲ್ಲ ಸರಿ, ಆದರೆ ಗುಂಡಿಯಿಂದ ಗೋಡೆಯವರೆಗಿನ ಆ ಹದಿನಾಲ್ಕು ಮೀಟರ್ ಅಂಗಳದ ಕಡೆ ಮಾತ್ರ ಅವನು ನೋಡುತ್ತಿರಲಿಲ್ಲ. ಅತ್ತ ಹೋದವನು ಒಂದು ಕ್ಷಣ ನಿಲ್ಲುತ್ತಿದ್ದ, ತಲೆ ಕೆರೆದುಕೊಳ್ಳುತ್ತಿದ್ದ, ವಾಪಸು ಬರುತ್ತಿದ್ದ.

"ಏನಾಯ್ತೋ? ನಿನ್ನ ಪೈಪು ಹಾವೇನಾದ್ರೂ ಆಗಿದೆಯಾ?" ಎಂದು ಕೆಣಕಿದೆ.

"ಸುಮ್ನಿರೇ" ಅಂದ. ಅಷ್ಟೇ.

ಗುರುವಾರ ಹತ್ತು ಗಂಟೆಗೆ ವ್ಯಾನು ಬಂತು. ಇಳಿದವನು ಬಲ್ಕಾರ್, ನೀಲಿ ಪೇಟದ ಎತ್ತರದ ಆಳು, ಪೋರ್ಟ್ ಪಿರಿ ಊರಿನವನು. ಬಂದವನೇ ಗುಂಡಿಯ ಮುಚ್ಚಳ ತೆಗೆದ, ಫೋನಿನಲ್ಲಿ ನಕ್ಷೆ ನೋಡಿದ, ಪೈಪಿನ ಬಾಯಿ ಹುಡುಕಿ ಹಳದಿ ಬಣ್ಣದ ಉದ್ದನೆಯ ಕಡ್ಡಿ ತೂರಿಸಿದ. ಹಳೆಯ ಪೈಪಿನಲ್ಲಿ ಕಡ್ಡಿ ಆ ತುದಿ ಮುಟ್ಟಿದರೆ ಅದಕ್ಕೆ ಹೊಸ ತಂತಿ ಕಟ್ಟಿ ಎಳೆಯುತ್ತಾರೆ, ಅರ್ಧ ದಿನದ ಕೆಲಸ. ಕಡ್ಡಿ ಒಂದು ಮೀಟರ್ ಹೋಯಿತು. ನಿಂತಿತು. ತಿರುಗಿಸಿದ, ತಳ್ಳಿದ, ಜಗ್ಗಿದ. ಗೋಡೆಯ ಕಡೆಯಿಂದ ತೂರಿಸಿ ನೋಡಿದ. ಅಲ್ಲಿ ಅರ್ಧ ಮೀಟರಿಗೇ ನಿಂತಿತು. ಹೊರಗೆಳೆದರೆ ತುದಿಯಲ್ಲಿ ಕೆಂಪು ಮಣ್ಣು.

ನಾನು ಚಹಾ ಹಿಡಿದು ನಿಂತಿದ್ದೆ. ಡೆನ್ಜಿಲ್ ಜೇಬಿನಲ್ಲಿ ಕೈ ಹಾಕಿಕೊಂಡಿದ್ದ.

"ಎರಡೂ ಕಡೆ ಬಂದ್ ಆಗಿದೆ" ಎಂದ ಬಲ್ಕಾರ್. "ನಕ್ಷೇಲಿ ನೋಡಿ, ಇಲ್ಲಿಂದ ಅಲ್ಲೀತನಕ ಗೆರೆ ಎಳೆದಂಗೆ ಪೈಪ್ ಹಾಕಿದೀನಿ ಅಂತ ಬರೆದಿದಾನೆ ಪುಣ್ಯಾತ್ಮ. ಡಿ. ಪಿ. ಅಂತ ಸಹಿ ಬೇರೆ! ಇಂಥೋರು ನನ್ ಕೈಗೆ ಸಿಗಬೇಕು ಯಜಮಾನ್ರೇ, ಸಿಗಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಡೆನ್ಜಿಲ್ ತನ್ನ ಬೂಟಿನ ತುದಿ ನೋಡಿಕೊಂಡ. ನನಗೆ ಒಮ್ಮೆಲೇ ಅನುಮಾನ ಬಂತು.

"ನೀವೇನೂ ಚಿಂತೆ ಮಾಡ್ಬೇಡಿ" ಎಂದು ಬಲ್ಕಾರ್ ಸಮಾಧಾನ ಹೇಳಿದ. "ನಡುವೆ ಪೈಪು ಒಡೆದಿದೆ ಅಂತ ಬರೀತೀನಿ. ಕಂಪನಿಯವರದೇ ಪೈಪು, ಅವರೇ ಬಂದು ಅಗೀತಾರೆ. ನಿಮಗೆ ಒಂದು ಹುಲ್ಲುಕಡ್ಡಿ ಎತ್ತೋ ಕೆಲಸ ಇಲ್ಲ."

"ಯಾವಾಗ ಬರ್ತಾರೆ?"

"ಹತ್ತು ವಾರ. ಹನ್ನೆರಡೂ ಆಗಬಹುದು."

ಬಲ್ಕಾರ್ ಬರೆಯಲು ಶುರುಮಾಡಿದ್ದ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ನಲವತ್ತು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹತ್ತು ವಾರವೆಂದರೆ ಹತ್ತು ಭಾನುವಾರ. ಅವನಿಗಿದ್ದದ್ದು ಎರಡು, ಅದರಲ್ಲಿ ಒಂದು ಆಗಲೇ ಕಳೆದಿತ್ತು.

"ಬರೀಬೇಡಪ್ಪ" ಎಂದ ಡೆನ್ಜಿಲ್. "ಪೈಪು ಒಡೆದಿಲ್ಲ. ಅಲ್ಲಿ ಪೈಪೇ ಇಲ್ಲ."

"ನಿಮಗೆ ಹೆಂಗೆ ಗೊತ್ತು?"

"ಡಿ. ಪಿ. ನಾನೇ."

ಆಮೇಲೆ ಹೇಳಿದ. ಎಂಬತ್ತೆಂಟನೆಯ ಇಸವಿ. ಕೆರೆನ್ಜಾ ಇನ್ನೂ ಹುಟ್ಟಿರಲಿಲ್ಲ, ಹೆಂಡತಿಗೆ ದಿನ ತುಂಬಿತ್ತು. ನೋವು ಬಂದರೆ ಆಸ್ಪತ್ರೆಗೆ ಕರೆಯಲು ಮನೆಯಲ್ಲಿ ಫೋನಿಲ್ಲ. ಲೈನ್‌ಮ್ಯಾನ್ ಮನೆಯಲ್ಲೇ ಫೋನಿಲ್ಲ! ಕೆಲಸ ಮುಗಿಸಿ ಬಂದು ಅಗೆಯುತ್ತಿದ್ದ. ಮೂರನೆಯ ದಿನ ಹಾರೆ ತುಂಡಾಯಿತು. ಮಣ್ಣನ್ನು ಒಂದು ಗೇಣು ಕೆರೆದು ತಂತಿಯನ್ನು ಬರಿದೇ ಹಾಸಿ ಮುಚ್ಚಿದ. ನೋಡುವವರಿಗೆ ಕಾಣಲಿ ಎಂದು ಎರಡು ತುದಿಗೂ ತುಂಡು ಪೈಪು ಸಿಕ್ಕಿಸಿದ. ನಕ್ಷೆಯಲ್ಲಿ ಪೂರ್ತಿ ಪೈಪು ಬರೆದು ಸಹಿ ಹಾಕಿದ. "ಮುಂದಿನ ಬೇಸಿಗೇಲಿ ಸರಿ ಮಾಡೋಣ ಅಂದ್ಕೊಂಡೆ. ಬೇಸಿಗೆ ಮೂವತ್ತಾರು ಬಂತು."

ನನಗೆ ಮೈಯೆಲ್ಲ ಉರಿದುಹೋಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನಾಲ್ಕು ಬೆರಳಿಗೆ ನನ್ನ ಕೈ ಸುಲಿಸಿದವನು ತನ್ನ ಮನೆಯಲ್ಲಿ ಹದಿನಾಲ್ಕು ಮೀಟರ್ ನುಂಗಿದ್ದ. "ಥೂ ನಿನ್ನ" ಎಂದು ಚಹಾದ ಲೋಟ ಬೇಲಿಕಂಬದ ಮೇಲೆ ಕುಕ್ಕಿ ಮನೆಗೆ ನಡೆದೆ. ಬಲ್ಕಾರ್ ಹೇಳಿದ್ದು ಮಾತ್ರ ಕಿವಿಗೆ ಬಿತ್ತು.

"ಪೈಪೇ ಇಲ್ಲ ಅಂದ್ಮೇಲೆ ಅಗೆಯೋದು ಮನೆಯೋರ ಕೆಲಸ, ಕಂಪನಿಗೆ ಕಾಯ್ಬೇಕಾಗಿಲ್ಲ ಯಜಮಾನ್ರೇ. ಶನಿವಾರ ಪಕ್ಕದ ಕಡೀನಾದಲ್ಲಿ ನಂಗೆ ಕೆಲಸ ಇದೆ. ಅಷ್ಟರಲ್ಲಿ ನೀವೇ ಕಾಲುವೆ ಅಗೆಸಿ, ಪೈಪ್ ಹಾಕಿ, ಒಳಗೆ ದಾರ ಎಳೆದಿಟ್ರೆ ಒಂದು ಗಂಟೆಗೆ ಬಂದು ಮುಗಿಸಿಕೊಡ್ತೀನಿ. ಆಳ ಸರಿ ಇರಬೇಕು. ಈ ಕಲ್ಲಲ್ಲಿ ಆಗುತ್ತಾ?"

"ಆಗುತ್ತೆ" ಎಂದಿತು ಡೆನ್ಜಿಲನ ದನಿ.

ನಾನು ಸೀದಾ ಬೇಕರಿಗೆ ಹೋದೆ. ಒಳ್ಳೆಯ ಬುದ್ಧಿಯಿಂದ ಹೋದೆ ಎಂದು ಯಾರೂ ತಿಳಿಯಬಾರದು. ಚಾಡಿ ಹೇಳಲೆಂದೇ ಹೋದೆ. ನೆವ್ ಅಲ್ಲಿಯೇ ಇದ್ದ, ಇನ್ನೂ ನಾಲ್ಕೈದು ಜನ ಇದ್ದರು, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಮತ್ತೆ ಅಗೆದವರೇ. ಉಪ್ಪು ಖಾರ ಹಚ್ಚಿ ಹೇಳಿದೆ. ನೆವ್ ನಕ್ಕು ನಕ್ಕು ಮೇಜು ಬಡಿದ.

"ನಮ್ಮಪ್ಪನ್ನ ಮೂರು ಸಲ ಅಗೆಸಿದ ಕಣ್ರೋ! ಮೂರು ಸಲ! ಈಗ ಅಗೀಲಿ ಅವನೇ!"

"ಅಗೀತಾನೆ" ಅಂದೆ. "ಶನಿವಾರದೊಳಗೆ ಅಗೀಬೇಕಂತೆ."

"ಎಪ್ಪತ್ತನಾಲ್ಕು ವರ್ಷಕ್ಕೆ? ಹತ್ತು ವಾರ ಕಾದ್ರೆ ಅವರೇ ಬಂದು ಅಗೀತಿದ್ರಲ್ಲ. ಯಾಕೆ ಬಾಯಿಬಿಟ್ಟ? ಅಂಥಾ ಅರ್ಜೆಂಟ್ ಏನು?"

ಆಗ ಟ್ಯಾಮ್ಸಿನ್ ವಿಷಯ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ಇಳಿಯಿತು. ಕ್ಯಾಮೆರಾ ಮುಚ್ಚಿದ ಆ ಪುಟ್ಟ ಅಂಗೈ ವಿಷಯ ಹೇಳುವಾಗ ಬೇಕರಿಯಲ್ಲಿ ಯಾರೂ ನಗಲಿಲ್ಲ. ನೆವ್ ಕೈಯಲ್ಲಿದ್ದ ಮಾಂಸದ ಕಡುಬು, ಪೇಸ್ಟಿಯನ್ನು, ಕಾಗದದ ಮೇಲೆ ಇಟ್ಟ.

"ಆ ಮಗೂಗೆ ನಾನು ಹಲೋ ಅಂತ ಕೂಗಿದ್ದೆ" ಎಂದ. "ಕಿವಿ ಕೇಳಲ್ಲ ಅಂತ ಅವನು ಹೇಳಿದ್ದ. ಜೋರಾಗಿ ಕೂಗಿದ್ರೆ ಕೇಳಿಸಬಹುದು ಅಂದ್ಕೊಂಡೆ. ನಾನೊಬ್ಬ ಕತ್ತೆ."

ಮನೆಗೆ ಬಂದರೆ ಬೇಲಿಯಾಚೆ ಟಣ್, ಟಣ್ ಎನ್ನುವ ಸದ್ದು. ಸಂಜೆಯವರೆಗೂ ನಿಲ್ಲಲಿಲ್ಲ. ಬೆಳಕು ಹೋಗುವ ಹೊತ್ತಿಗೆ ಹೋಗಿ ನೋಡಿದೆ. ಡೆನ್ಜಿಲ್ ಮಂಡಿಯೂರಿ ಕೂತಿದ್ದ. ಐದು ಗಂಟೆಯ ದುಡಿಮೆಗೆ ಒಂದು ಮೀಟರೂ ಆಗಿರಲಿಲ್ಲ. ಹಾರೆಯ ಹಿಡಿಯ ಮೇಲೆ ರಕ್ತ ಅಂಟಿತ್ತು.

"ಬೈಯೋದಿದ್ರೆ ಬೈದು ಹೋಗು" ಎಂದ. "ನಾಳೆ ಬೆಳಿಗ್ಗೆ ಬೇಗ ಶುರು ಮಾಡ್ಬೇಕು."

ಬೈಯಬೇಕೆಂದೇ ಬಂದಿದ್ದೆ, ಮೂವತ್ತು ವರ್ಷದಿಂದ ಸರಕು ಸಿದ್ಧವಿತ್ತು. ಅವನ ಕೈ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಆ ಕೈ ಭಾನುವಾರಕ್ಕೆ ಬೇಕಾದ ಕೈ. "ಬ್ಯಾಂಡೇಜ್ ತರ್ತೀನಿ, ಇರು" ಎಂದೆ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ನೆವ್‌ನ ಗಾಡಿ ಬಂದು ನಿಂತಿತು, ಹಿಂದೆ ಕಲ್ಲೊಡೆಯುವ ಮಷಿನ್ನು. ಅದರ ಹಿಂದೆ ಇನ್ನೊಂದು ಗಾಡಿ, ಮತ್ತೊಂದು. ಬೌಲ್ಸ್ ಕ್ಲಬ್ಬಿನ ಒಂಬತ್ತು ಜನ ಹಾರೆ ಸಲಿಕೆ ಹಿಡಿದು ಇಳಿದರು, ಎಪ್ಪತ್ತು ದಾಟಿದ ಪಾದ್ರಿಯೂ ಅವರಲ್ಲಿದ್ದ. ಡೆನ್ಜಿಲ್ ಬಾಗಿಲಲ್ಲಿ ನಿಂತುಬಿಟ್ಟ. ಬೈಯಲು ಬಂದಿದ್ದಾರೋ ಅಗೆಯಲು ಬಂದಿದ್ದಾರೋ ಅವನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಎರಡಕ್ಕೂ ಬಂದಿದ್ದರು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದ ನೆವ್. "ಎಲ್ಲಯ್ಯಾ ನಿನ್ನ ಪೈಪು? ತೋರಿಸು, ದರ್ಶನ ಮಾಡ್ತೀವಿ."

"ನೆವ್, ನಾನು..."

"ಮಾತಾಡ್ಬೇಡ. ಮಾತಾಡಿದ್ರೆ ಮನೆಗೆ ಹೋಗ್ಬಿಡ್ತೀನಿ. ಆ ಕಡೆ ಮಷಿನ್ನಿನ ತಂತಿ ಹಿಡ್ಕೋ."

ಎರಡು ದಿನ ಆ ಅಂಗಳ ನೋಡುವಂತಿತ್ತು. ಮಷಿನ್ನು ಕಲ್ಲು ಸೀಳುವುದು, ಹಿಂದಿನವರು ಹಾರೆಯಲ್ಲಿ ಎಬ್ಬಿಸುವುದು, ಅವರ ಹಿಂದಿನವರು ಎತ್ತಿ ಹಾಕುವುದು. ನಾನು ಗೆಡ್ಡೆ, ಈರುಳ್ಳಿ, ಮಾಂಸ ತುಂಬಿ ಪೇಸ್ಟಿ ಬೇಯಿಸಿ ತಂದೆ. ಹಳೆಯ ಗಣಿಯವರ ಪದ್ಧತಿಯಂತೆ ಒಂದೊಂದರ ಮೂಲೆಗೂ ತಿನ್ನುವವನ ಹೆಸರಿನ ಅಕ್ಷರ ಒತ್ತಿದ್ದೆ. ಡೆನ್ಜಿಲನದಕ್ಕೆ ದೊಡ್ಡದಾಗಿ ಡಿ. ಪಿ. ಎಂದು ಒತ್ತಿದೆ. ನೋಡಿ ಎಲ್ಲರೂ ಗಹಗಹಿಸಿದರು. ಅವನೂ ನಕ್ಕ, ಎರಡು ದಿನದಲ್ಲಿ ಮೊದಲ ಸಲ.

ಶನಿವಾರ ಹನ್ನೊಂದಕ್ಕೆ ಕಾಲುವೆ ಗೋಡೆ ಮುಟ್ಟಿತು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು. ನಾನು ಡೆನ್ಜಿಲನ ಶೆಡ್ಡಿಗೆ ಹೋಗಿ, ಬಾಗಿಲ ಹಿಂದೆ ನೇತುಹಾಕಿದ್ದ ಆ ಪೊರಕೆ ಹಿಡಿಯನ್ನು ತಂದೆ. ಕೆಂಪು ಬಳೆ ಮಾಸಿತ್ತು, ಆದರೂ ಕಾಣುತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಒಂದು ಕಡೆಯಿಂದ ಅಳೆಯುತ್ತಾ ಬಂದೆ. ಗೋಡೆಯ ಹತ್ತಿರ ಡೆನ್ಜಿಲ್ ತಾನೇ ಅಗೆದಿದ್ದ ಕೊನೆಯ ಮೀಟರಿನಲ್ಲಿ ಬಳೆ ಮೇಲೆಯೇ ಉಳಿಯಿತು.

"ನಾಲ್ಕು ಬೆರಳು ಕಮ್ಮಿ ಇದೆ, ಡೆನ್ಜಿಲ್" ಅಂದೆ. "ಮತ್ತೆ ಅಗಿ."

ಅವನು ಕೋಲನ್ನು ನೋಡಿದ, ನನ್ನನ್ನು ನೋಡಿದ. ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ಹಾರೆ ತೆಗೆದುಕೊಂಡು ಕಾಲುವೆಗೆ ಇಳಿದ. ನಾಲ್ಕು ಸಲ ಹೊಡೆದ. ಐದನೆಯದಕ್ಕೆ ನಾನೂ ಇಳಿದು ಇನ್ನೊಂದು ಹಾರೆ ಹಾಕಿದೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಪೈಪು ಹಾಸಿ ಒಳಗೆ ದಾರ ಎಳೆದಿಡುವ ಹೊತ್ತಿಗೆ, ಒಂದು ಗಂಟೆಗೆ, ಬಲ್ಕಾರ್ ಬಂದ. ಕಾಲುವೆ ನೋಡಿ, ಸುತ್ತ ಕೂತಿದ್ದ ಬಿಳಿತಲೆಗಳನ್ನು ನೋಡಿ, ಪೇಟ ಸರಿಮಾಡಿಕೊಂಡು "ಇವರೆಲ್ಲ ಯಾವ ಕಂಪನಿಯೋರು?" ಎಂದು ಕೇಳಿದ. ದಾರಕ್ಕೆ ತಂತಿ ಕಟ್ಟಿ ಎಳೆದರೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂತು. ಮೂರೂವರೆಗೆ ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಡೆನ್ಜಿಲ್ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ಮೂರು ಸಲ ಅಳೆದ. ಇಳಿಯುವುದು ಎಷ್ಟೋ, ಅವನು ನೋಡಲೇ ಇಲ್ಲ. ಹತ್ತುವುದು ಹತ್ತೊಂಬತ್ತು. ನೋಟ್‌ಬುಕ್ಕಿನಲ್ಲಿ ತನ್ನ ಹೆಸರಿನ ಮುಂದೆ ಬರೆದುಕೊಂಡ.

ಭಾನುವಾರ ನಾಲ್ಕು ಗಂಟೆಗೆ ನನ್ನನ್ನೂ ಕರೆದ. ಕ್ಯಾಮೆರಾಕ್ಕೆ ಕಾಣದ ಹಾಗೆ ಒಲೆಯ ಪಕ್ಕ ಕೂತೆ. ಡೆನ್ಜಿಲನದು ಇಸ್ತ್ರಿ ಅಂಗಿ, ಬಾಚಿದ ತಲೆ, ಹತ್ತರಲ್ಲಿ ಏಳು ಬೆರಳಿಗೆ ಬ್ಯಾಂಡೇಜು. ಪರದೆಯಲ್ಲಿ ಮೊದಲು ಕೆರೆನ್ಜಾ ಬಂದಳು, ಅವಳ ತೊಡೆಯ ಮೇಲೆ ಟ್ಯಾಮ್ಸಿನ್, ಮುಖ ಊದಿಸಿಕೊಂಡು, ಆ ಕಡೆ ತಿರುಗಿ. ಬಲವಂತಕ್ಕೆ ಕೂರಿಸಿದ್ದು ಕಾಣುತ್ತಿತ್ತು. ಡೆನ್ಜಿಲ್ ಕೈ ಎತ್ತಿದ. ವಾರಗಟ್ಟಲೆ ಕಿಟಕಿಯ ಬಳಿ ಅಭ್ಯಾಸ ಮಾಡಿದ್ದನ್ನು ನಿಧಾನವಾಗಿ ಹೇಳಿದ. ಏನೆಂದು ನನಗೆ ಮೊದಲೇ ಹೇಳಿದ್ದ: ನಿನ್ನ ನೆನಪು ಬಹಳ ಬರುತ್ತೆ, ಪುಟ್ಟಿ.

ಹುಡುಗಿ ತಿರುಗಿದಳು. ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನೋಡಿದಳು. ಆಮೇಲೆ ಅವಳ ಕೈ ಪಟಪಟನೆ ಆಡಿತು.

"ಏನಂತಾಳೆ?" ಎಂದು ಪಿಸುಗುಟ್ಟಿದೆ. ಅವಳಿಗೆ ಕೇಳುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೂ ಮರೆತಿತ್ತು.

"ಕೈಗೆ ಏನಾಯ್ತು ಅಂತ ಕೇಳ್ತಿದಾಳೆ" ಎಂದ ಡೆನ್ಜಿಲ್. "ಅವಳಾಗೇ ನನ್ನನ್ನ ಏನಾದ್ರೂ ಕೇಳಿ ಎಷ್ಟು ತಿಂಗಳಾಯ್ತು ಗೊತ್ತಾ?"

ಅಗೆಯುವುದಕ್ಕೆ ಸನ್ನೆ ಅವನಿಗೆ ಗೊತ್ತಿರಲಿಲ್ಲ. ಎದ್ದು ಅಡುಗೆಮನೆಯ ನಡುವೆ ಹಾರೆ ಹಾಕಿ ತೋರಿಸಿದ, ಬೆವರು ಒರೆಸಿದ, ಸೊಂಟ ಹಿಡಿದುಕೊಂಡ. ಟ್ಯಾಮ್ಸಿನ್ ಬಾಯಿ ತೆರೆದು ನಕ್ಕಳು. ನಗು ನಿಂತ ಮೇಲೆ ಹುಬ್ಬು ಗಂಟಿಕ್ಕಿ, ಅವನು ಮೊದಲು ಹೇಳಿದ್ದನ್ನೇ ಹೇಳು ಎಂದು ತೋರಿಸಿದಳು. ಹೇಳಿದ. ಅಲ್ಲ ಎಂದು ತಲೆಯಾಡಿಸಿದಳು. ತನ್ನ ಕೈ ಎತ್ತಿ ಹೆಬ್ಬೆರಳು ಎಲ್ಲಿರಬೇಕೆಂದು ತೋರಿಸಿದಳು.

"ತಪ್ಪಂತೆ" ಎಂದ. "ಹೆಬ್ಬೆರಳು ಒಳಗೆ ಮಡಚಬಾರದಂತೆ. ಪುಸ್ತಕದಲ್ಲಿ ನೋಡಿ ನಾನು ತಿಳ್ಕೊಂಡಿದ್ದೇ ತಪ್ಪು. ಎರಡು ವರ್ಷದಿಂದ ತಪ್ಪೇ ಹೇಳ್ತಿದ್ದೆ ಲಿನೆಟ್. ತಪ್ಪನ್ನೆಲ್ಲ ಆ ತಂತಿಯ ತಲೆಗೆ ಕಟ್ಟಿದ್ದೆ."

ಮತ್ತೆ ಮಾಡಿದ. ತಪ್ಪು. ಮತ್ತೊಮ್ಮೆ. ಬ್ಯಾಂಡೇಜಿನಿಂದಾಗಿ ಬೆರಳು ಸರಾಗ ಆಡುತ್ತಿರಲಿಲ್ಲ, ಸುತ್ತಿದ್ದ ಬಟ್ಟೆಯನ್ನೇ ಕಿತ್ತು ಮೇಜಿನ ಮೇಲಿಟ್ಟ. ಟ್ಯಾಮ್ಸಿನ್ ಅಮ್ಮನ ತೊಡೆಯಿಂದ ಇಳಿದು, ಕುರ್ಚಿ ಎಳೆದುಕೊಂಡು, ಮೇಷ್ಟ್ರ ಹಾಗೆ ಕೂತಳು. ಅವಳ ಹಿಂದೆ ಕೆರೆನ್ಜಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಏಳನೆಯ ಸಲಕ್ಕೆ ಹುಡುಗಿ ಸರಿ ಎಂದು ತಲೆಯಾಡಿಸಿದಳು. ಆಮೇಲೆ ಅವಳು ಏನೋ ಉದ್ದಕ್ಕೆ ಹೇಳಿದಳು, ಬೆರಳು ಮುಂದಕ್ಕೆ ಚಾಚಿ, ಖಡಾಖಂಡಿತವಾಗಿ.

ಡೆನ್ಜಿಲ್ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಮೂವತ್ತು ವರ್ಷದಲ್ಲಿ ಅವನ ಕಣ್ಣಲ್ಲಿ ನೀರು ನೋಡಿದ್ದು ಹೆಂಡತಿ ಹೋದಾಗ ಮಾತ್ರ.

"ತಾತ, ನಿನ್ನ ಕೈಯ ಮಾತು ತುಂಬಾ ಹಾಳಾಗಿದೆ ಅಂತಾಳೆ" ಎಂದ. "ಪಾಠಕ್ಕೆ ಭಾನುವಾರ ಒಂದೇ ಸಾಕಾಗಲ್ಲವಂತೆ. ಬುಧವಾರವೂ ಬರಬೇಕಂತೆ."